ಪುಸ್ತಕದಲ್ಲಿ ಇಲ್ಲದ ಹೆಂಗಸು

ಮಕ್ಕಳ ಕಾದಂಬರಿ ಬರೆಯುವವರಿಗೆ ಒಂದು ಕೆಟ್ಟ ಚಾಳಿ ಇದೆ. ಅಧ್ಯಾಯ ಮುಗಿಯುವ ಹೊತ್ತಿಗೆ ಸರಿಯಾಗಿ ಮಗುವನ್ನು ಅಳಿಸಿ, ಹಸಿದ ಹೊಟ್ಟೆಯಲ್ಲಿ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗಿಬಿಡುತ್ತಾರೆ. ಓದುವವರು ಆತುರದಿಂದ ಮುಂದಿನ ಪುಟ ತಿರುಗಿಸಲಿ ಎಂಬ ಉಪಾಯ. ನಾನೂ ಮಕ್ಕಳಿಗಾಗಿ ಬರೆಯುತ್ತೇನೆ, ಆದರೆ ಈ ಉಪಾಯ ನನಗೆ ಆಗಿಬರುವುದಿಲ್ಲ. ನನ್ನ ಪುಸ್ತಕಗಳಲ್ಲಿ ಕಷ್ಟಕ್ಕೇನೂ ಬರವಿಲ್ಲ. ಅಪ್ಪ ಊರು ಬಿಡುತ್ತಾನೆ, ಮನೆ ಕೈತಪ್ಪುತ್ತದೆ, ಗೆಳತಿ ಮಾತು ಬಿಡುತ್ತಾಳೆ. ಆದರೆ ಅಧ್ಯಾಯದ ಕೊನೆಗೆ ಮಗು ಉಂಡೇ ಮಲಗಬೇಕು. ಇದು ಲೇಖಕಿಯ ದೌರ್ಬಲ್ಯ ಎಂದು ವಿಮರ್ಶಕರೊಬ್ಬರು ಬರೆದರು. ಬರೆಯಲಿ ಪಾಪ. ಚಳ್ಳಕೆರೆಯಲ್ಲಿ ಶೇಂಗಾ ಸುಲಿಯುವ ಹೆಂಗಸರ ಮುಂದೆ ಕೂತು ಕಾದಂಬರಿ ಓದಿದ ಅನುಭವ ಅವರಿಗಿಲ್ಲ.

ನಾನು ಹುಟ್ಟಿದ್ದು ಮೊಳಕಾಲ್ಮುರಿನಲ್ಲಿ. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಮನೆಯಲ್ಲಿ ಬೈಗುಳ, ಮುದ್ದು ತೆಲುಗಿನಲ್ಲಿ, ಲೆಕ್ಕ, ಪಾಠ ಕನ್ನಡದಲ್ಲಿ; ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆ ಎಂದು ನಾವು ಯಾರೂ ಯೋಚಿಸಿದವರಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪ ನೇಯುತ್ತಿದ್ದ ಮನೆಯ ಮಾಲೀಕರು ಮಗ್ಗಗಳನ್ನು ಬಿಚ್ಚಿಸಿಬಿಟ್ಟರು. ಆಂಧ್ರದ ಧರ್ಮಾವರದಲ್ಲಿ ನೇಯ್ಗೆ ಕೆಲಸ ಇದೆ ಎಂದು ಗೊತ್ತಾಗಿ ಅಪ್ಪ, ಅವ್ವ ಅಲ್ಲಿಗೆ ಹೊರಟರು. ಅಲ್ಲಿನ ಶಾಲೆ ತೆಲುಗಿನದು. ನನಗೆ ತೆಲುಗು ಮಾತಾಡಲು ಬರುತ್ತಿತ್ತೇ ಹೊರತು ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ನನ್ನನ್ನು ಚಳ್ಳಕೆರೆಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಬಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ನನ್ನ ತಲೆ ಸವರಿ ಹೇಳಿದ: "ಒಂದು ವರ್ಷ ನೋಡಾನ ಮಗ. ಅತ್ತೆಗೆ ಭಾರ ಆಯ್ತು ಅಂದ್ರೆ ಮುಂದಿನ ಸಾರಿ ಶಾಲೆ ತೆರೆಯಾಕೆ ಮುಂಚೆ ಬಂದು ಕರ್ಕಂಡ್ ಹೋಗ್ತೀನಿ."

ಕರೆದುಕೊಂಡು ಹೋಗುವುದು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಧರ್ಮಾವರದಲ್ಲಿ ಮಗ್ಗದ ಪಕ್ಕ ಕೂತು ದಿನವಿಡೀ ಕಂಡಿಕೆಗೆ ನೂಲು ಸುತ್ತುವುದು, ಓದಿಗೆ ಎಳ್ಳುನೀರು ಬಿಡುವುದು. ನನ್ನ ಓರಗೆಯ ಇಬ್ಬರು ಹುಡುಗಿಯರು ಆಗಲೇ ಹಾಗೆ ಹೋಗಿದ್ದರು. ಆದ್ದರಿಂದ ಅತ್ತೆಗೆ ಭಾರವಾಗಬಾರದು ಎಂದು ನಾನು ಬಸ್ ಸ್ಟ್ಯಾಂಡಿನಲ್ಲೇ ನಿರ್ಧಾರ ಮಾಡಿದೆ. ಏಳನೇ ಕ್ಲಾಸಿಗೂ ಬರದ ಹುಡುಗಿಗೆ ಭಾರವಾಗದಿರುವ ದಾರಿ ಹೊಳೆದದ್ದು ಒಂದೇ: ಎರಡನೇ ಸಲ ಮುದ್ದೆ ಹಾಕಿಸಿಕೊಳ್ಳಬಾರದು.

ಅತ್ತೆ ಕೆಟ್ಟವಳಲ್ಲ. ಆದರೆ ಬಡಿಸುವಾಗ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟುವ ಅಭ್ಯಾಸ ಅವಳಿಗಿತ್ತು, ಆ ಸದ್ದು ಕೇಳಿದರೆ ನನ್ನ ಎದೆ ಹಾರುತ್ತಿತ್ತು. "ಸಾಕಾ? ಇನ್ನೊಂದು ಹಾಕ್ಲಾ?" ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಬೇಕಾದವರು ಕೇಳಬೇಕು, ಅದು ಆ ಮನೆಯ ಪದ್ಧತಿ. ಮಾವ, ಮಿಲ್ಲಿಗೆ ಹೋಗುತ್ತಿದ್ದ ಅವರ ಇಬ್ಬರು ಗಂಡುಮಕ್ಕಳು, ಎಲ್ಲರೂ ಗಟ್ಟಿ ದನಿಯಲ್ಲಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಾನು ಮಾತ್ರ ಒಂದು ಮುದ್ದೆ ಮುಗಿಸಿ "ಸಾಕು" ಎಂದು ಏಳುತ್ತಿದ್ದೆ. ಆಮೇಲೆ ಹಿತ್ತಲಿಗೆ ಹೋಗಿ ಒಂದು ಚೊಂಬು ನೀರು ಕುಡಿಯುತ್ತಿದ್ದೆ. ಹೀಗೆ ಒಂದು ವರ್ಷ ತಳ್ಳಿದೆ ಎಂದರೆ ನನ್ನ ಹಟ ಎಂಥದ್ದು ನೋಡಿ.

ಶಾಲೆಯಲ್ಲಿ ನನಗೆ "ಅಮ್ಮಾಯಿ" ಎಂದು, ಅಂದರೆ ತೆಲುಗಿನಲ್ಲಿ ಹುಡುಗಿ ಎಂದು, ಹೆಸರಿಟ್ಟಿದ್ದರು. ಇಟ್ಟವಳು ನಮ್ಮ ಕ್ಲಾಸಿಗೇ ಮೊದಲು ಬರುತ್ತಿದ್ದ ಹುಡುಗಿ, ಪಕ್ಕದ ಬೀದಿಯ ಶೇಂಗಾ ವ್ಯಾಪಾರಿಯ ಮಗಳು. ನಾನು ಎದ್ದು ನಿಂತು ಪಾಠ ಓದಿದರೆ ನನ್ನ ತೆಲುಗು ರಾಗವನ್ನು ಅವಳು ಹಿಂದಿನಿಂದ ಮೆಲ್ಲಗೆ ಅಣಕಿಸುವಳು, ಉಳಿದವರು ಕಿಸಕ್ಕೆನ್ನುವರು. ಅವಳು ಓದುವ ಕನ್ನಡವೋ ರೇಡಿಯೋ ವಾರ್ತೆಯ ಹಾಗೆ ಇಸ್ತ್ರಿ ಮಾಡಿದ್ದು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೇಸಿಗೆ ರಜೆ ಬಂತು. ಚಳ್ಳಕೆರೆಯಲ್ಲಿ ಬೇಸಿಗೆ ಎಂದರೆ ಬಿತ್ತನೆ ಬೀಜ ತಯಾರು ಮಾಡುವ ಕಾಲ. ಎಣ್ಣೆಗೆ ಹೋಗುವ ಕಾಯಿಯನ್ನು ಮಿಷನ್ನಿಗೆ ಹಾಕಬಹುದು, ಬಿತ್ತುವ ಬೀಜವನ್ನು ಕೈಯಿಂದಲೇ ಸುಲಿಯಬೇಕು. ಇಲ್ಲದಿದ್ದರೆ ಕಾಳು ಸೀಳಿ ಮೊಳಕೆ ಸಾಯುತ್ತದೆ. ವ್ಯಾಪಾರಿಯ ಮನೆಯಿಂದ ಮೂಟೆಗಳು ಅತ್ತೆಯ ಅಂಗಳಕ್ಕೆ ಬರುತ್ತಿದ್ದವು. ಊಟವಾದ ಮೇಲೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಮೊರ ಹಿಡಿದು ಬಂದು ಬೇವಿನ ಮರದ ಕೆಳಗೆ ಸುತ್ತ ಕೂರುತ್ತಿದ್ದರು. ಕಾಯಿಗೆ ನೀರು ಚಿಮುಕಿಸಿಕೊಂಡು ಚಿಟಚಿಟ ಸುಲಿಯಲು ಶುರು. ನನಗೂ ಒಂದು ಮೊರ ಇತ್ತು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲರ ಬಾಯಿಯನ್ನೂ ಕಾಯುತ್ತಿದ್ದಳು, ಏಕೆಂದರೆ ಸುಲಿಯುವವರ ಕೈ ಮೊರಕ್ಕೆ ಎಷ್ಟು ಸಲ ಹೋಗುತ್ತದೋ ಬಾಯಿಗೂ ಅಷ್ಟೇ ಸಲ ಹೋಗುತ್ತದೆ. "ಪದ ಹೇಳ್ರೇ, ಪದ ಹೇಳ್ರಿ" ಎಂದು ಅವಳು ಗದರುತ್ತಿದ್ದುದು ಹಾಡಿನ ಮೇಲಿನ ಪ್ರೀತಿಯಿಂದಲ್ಲ, ಹಾಡುವ ಬಾಯಿ ಅಗಿಯುವುದಿಲ್ಲ ಎಂಬ ಲೆಕ್ಕಾಚಾರದಿಂದ.

ರಜೆಗೆ ಮೊದಲು ನಮ್ಮ ಮೇಡಮ್ಮು ಶಾಲೆಯ ಬೀರುವಿನಿಂದ ನನಗೊಂದು ಕಾದಂಬರಿ ಕೊಟ್ಟಿದ್ದರು. ಕಡಲ ದಂಡೆಯ ಊರಿನ ಒಬ್ಬ ಹುಡುಗಿಯ ಕಥೆ. ನೆರೆ ಬಂದು ಅವಳ ಮನೆ ಹೋಗುತ್ತದೆ, ಅಪ್ಪ ಕೆಲಸ ಹುಡುಕಿ ಹಡಗು ಹತ್ತುತ್ತಾನೆ, ಹುಡುಗಿಯನ್ನು ಬಂದರಿನ ಪೇಟೆಯಲ್ಲಿರುವ ಅವಳ ಅತ್ತೆಯ ಮನೆಗೆ ಕಳಿಸುತ್ತಾರೆ. ಅಲ್ಲಿ ಮೀನು ಮಾರುವವಳ ಮಗಳೊಬ್ಬಳು ಅವಳಿಗೆ ಗೆಳತಿಯಾಗುತ್ತಾಳೆ. ಮೊದಲ ಪುಟ ಓದುವಾಗಲೇ ನನ್ನ ಕಥೆಯನ್ನು ಇವರಿಗೆ ಯಾರು ಹೇಳಿದರು ಎನ್ನಿಸಿತ್ತು. ಒಂದು ಮಧ್ಯಾಹ್ನ ಕಾಯಿ ಸುಲಿಯುತ್ತಲೇ ತೊಡೆಯ ಮೇಲೆ ಪುಸ್ತಕ ಬಿಡಿಸಿಟ್ಟುಕೊಂಡು ಕದ್ದು ಓದುತ್ತಿದ್ದೆ.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ನನ್ನಿವಾಳವೆಂಬ ಹಳ್ಳಿಯಿಂದ ಚಳ್ಳಕೆರೆಗೆ ಬಂದು ಮಗಳ ಮನೆಯಲ್ಲಿದ್ದ ಒಬ್ಬ ಅಜ್ಜಿ. ಗುಂಪಿಗೆಲ್ಲ ಅವಳೇ ಹಿರಿಯಳು, ಅವಳ ಮಾತಿಗೆ ಎದುರಿಲ್ಲ. "ಒಬ್ಳೇ ನಗ್ತೀಯಲ್ಲೇ, ಏನೈತೆ ಅದ್ರಾಗೆ? ನಮ್ಗೂ ಹೇಳು" ಎಂದಳು.

ನಾನು ಹೆದರಿ ಅತ್ತೆಯ ಕಡೆ ನೋಡಿದೆ. ಅತ್ತೆ ಒಂದು ಗಳಿಗೆ ಯೋಚಿಸಿ, "ಓದು. ಬಾಯಿ ತೆರ್ಕಂಡು ಕೇಳೋರು ಬೀಜ ತಿನ್ನಲ್ಲ" ಎಂದಳು.

ಓದಿದೆ. ನೆರೆ ಬಂದ ಪ್ರಸಂಗ ಬಂದಾಗ ಹೆಂಗಸರು ಮುಖ ಮುಖ ನೋಡಿಕೊಂಡರು. ಮಳೆ ಹೆಚ್ಚಾಗಿ ಜನ ಅಳುತ್ತಾರೆ ಎಂಬುದು ಆ ಅಂಗಳದಲ್ಲಿ ಯಾರಿಗೂ ಜೀರ್ಣವಾಗಲಿಲ್ಲ. "ಮಳೆ ಜಾಸ್ತಿ ಆತು ಅಂತ ಅಳ್ತಾರಾ? ನಮ್ ಕಡೀಗೆ ಒಂದಿಷ್ಟು ಕಳ್ಸಂಗಿದ್ರೆ!" ಎಂದು ಒಬ್ಬಾಕೆ ನಕ್ಕಳು. ಅಜ್ಜಿ ಅವಳ ಬಾಯಿ ಮುಚ್ಚಿಸಿದಳು. ಕೂಸಿನ ಮನೆ ಹೋಯಿತಲ್ಲ, ಅದು ಬೆಂಕಿಯಿಂದ ಹೋದರೇನು, ನೀರಿನಿಂದ ಹೋದರೇನು ಎಂಬುದು ಅವಳ ವಾದ. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ.

ಓದುತ್ತಿದ್ದುದರಿಂದ ನನ್ನ ಮೊರ ಖಾಲಿಯೇ ಉಳಿದಿತ್ತು. ಅದನ್ನು ನೋಡಿದ ಅಜ್ಜಿ ತನ್ನ ಮೊರದಿಂದ ಒಂದು ಹಿಡಿ ಕಾಳು ತೆಗೆದು ನನ್ನದಕ್ಕೆ ಹಾಕಿದಳು. "ಓದೋಳ ಪಾಲು ಕಣ್ರೇ, ಹಾಕ್ರಿ" ಎಂದಳು. ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕಿದರು. ಆ ಊರಿಗೆ ಬಂದ ಮೇಲೆ ಕೇಳದೆಯೇ ನನ್ನ ಮುಂದೆ ಏನಾದರೂ ಬಿದ್ದದ್ದು ಅದೇ ಮೊದಲು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಆ ಕಾಳನ್ನು ಅತ್ತೆಯ ರಾಶಿಗೆ ಸುರಿಯಲೂ ಮನಸ್ಸಾಗಲಿಲ್ಲ.

ತೊಡಕು ಶುರುವಾದದ್ದು ಅಧ್ಯಾಯ ಮುಗಿದಾಗ. ಕಾದಂಬರಿಯ ಅತ್ತೆ ಹುಡುಗಿಯನ್ನು ಸಾಮಾನಿನ ಕೋಣೆಗೆ ತಳ್ಳಿ, ಊಟ ಕೊಡದೆ ಚಿಲಕ ಹಾಕಿದಳು. ಅಲ್ಲಿಗೆ ಅಧ್ಯಾಯ ಮುಗಿಯಿತು. ಹೊತ್ತೂ ಇಳಿದಿತ್ತು. ನಾನು ಪುಸ್ತಕ ಮುಚ್ಚಿದೆ. ಯಾರೂ ಏಳಲಿಲ್ಲ.

"ಉಂಡ್ಳಾ?" ಎಂದಳು ಅಜ್ಜಿ.

"ಇಲ್ಲಜ್ಜಿ. ಇವತ್ತಿಗೆ ಇಷ್ಟೇ. ನಾಳೆ ಓದ್ತೀನಿ."

"ದೀಪ ಹಚ್ಚೋ ಹೊತ್ನಾಗೆ ಕೂಸನ್ನ ಉಪಾಸ ಮಲಗಿಸಿ ಎದ್ದು ಹೋಗಾದಾ? ನಮ್ಮೂರ ಗುಡಿಯಾಗೆ ಪುರಾಣ ಓದೋರು ಕಷ್ಟದಾಗೆ ನಿಲ್ಲಿಸ್ತಿರಲಿಲ್ಲ ಕಣೇ. ಕಾಡಿಗೆ ಹೋದೋರ್ನ ಕಾಡಾಗೇ ಬಿಟ್ಟು ಎದ್ರೆ ಕೇಳಿದೋರ ಮನೀಗೆ ಒಳ್ಳೇದಲ್ಲ. ಆಕಿ ಉಣ್ಣೋಗಂಟ ಓದು."

ನಾನು ಅವಸರದಲ್ಲಿ ಮುಂದಿನ ಅಧ್ಯಾಯದ ಕೊನೆಯನ್ನು ಇಣುಕಿದೆ. ಅಲ್ಲಿ ಹುಡುಗಿಗೆ ಜ್ವರ. ಅದರ ಮುಂದಿನದರ ಕೊನೆಗೆ ಗೆಳತಿಯೊಂದಿಗೆ ಜಗಳ. ಈ ಪುಣ್ಯಾತ್ಮರು ಒಂದು ಅಧ್ಯಾಯವನ್ನೂ ನೆಟ್ಟಗೆ ಮುಗಿಸಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಮತ್ತೆ ಪುಸ್ತಕ ತೆರೆದು, ಅದರ ಮೇಲೆ ಬೆರಳಾಡಿಸುತ್ತ, ಅಲ್ಲಿ ಇಲ್ಲದ್ದನ್ನು ಓದಿದೆ: ಅಷ್ಟರಲ್ಲಿ ಹಿಂದಿನ ಕಿಟಕಿಯ ಹತ್ತಿರ ಸದ್ದಾಯಿತು. ಪಕ್ಕದ ಮನೆಯ ಹೆಂಗಸು ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಬಂದಿದ್ದಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಹುಡುಗಿ ಒಂದು ಮುದ್ದೆ ಉಂಡು ಸಾಕು ಎಂದಳು. ಹೆಂಗಸು ಕೇಳಲಿಲ್ಲ, ಬೈದು ಇನ್ನೊಂದು ತಿನ್ನಿಸಿದಳು.

"ಹಾಂ" ಎಂದಳು ಅಜ್ಜಿ. ಎಲ್ಲರೂ ಸೆರಗು ಕೊಡವಿ ಎದ್ದರು.

ಮರುದಿನದಿಂದ ಇದೇ ಪದ್ಧತಿಯಾಯಿತು. ಹಗಲೆಲ್ಲ ಹುಡುಗಿ ಪುಸ್ತಕದಲ್ಲಿದ್ದಂತೆ ಕಷ್ಟಪಡುವಳು, ಹೊತ್ತು ಇಳಿಯುವಾಗ ನನ್ನ ಹೆಂಗಸು ಬಟ್ಟಲು ಹಿಡಿದು ಬರುವಳು. ಜ್ವರ ಬಂದ ದಿನ ಗಂಜಿ ತಂದಳು. ಗೆಳತಿಯೊಂದಿಗೆ ಜಗಳವಾದ ದಿನ ಇಬ್ಬರನ್ನೂ ಕೂರಿಸಿ ಒಂದೇ ತಟ್ಟೆಯಲ್ಲಿ ಉಣ್ಣಿಸಿದಳು. ನಿಜವಾದ ಲೇಖಕರು ಬರೆದದ್ದನ್ನು ಹೆಂಗಸರು ಸಹಿಸಿಕೊಂಡು ಕೇಳುತ್ತಿದ್ದರು, ನಾನು ಸೇರಿಸಿದ್ದಕ್ಕಾಗಿ ಕಾಯುತ್ತಿದ್ದರು. ಕಡಲ ದಂಡೆಯ ಪೇಟೆಯಲ್ಲಿ ರಾಗಿ ಮುದ್ದೆ ಎಲ್ಲಿಂದ ಬಂತು ಎಂದು ಒಬ್ಬಾಕೆ ಸಂಶಯಪಟ್ಟಳು. ಅದಕ್ಕೆ ಅಜ್ಜಿಯ ಹತ್ತಿರ ಉತ್ತರ ಸಿದ್ಧವಿತ್ತು: "ಆಕಿ ನನ್ನಿವಾಳದೋಳೇ ಇರ್ಬೇಕು ಕಣೇ. ಆ ಕಡೀಗೆ ಮದುವೆ ಮಾಡಿ ಕೊಟ್ಟಿರ್ತಾರೆ." ಮುಂದೆ ಅವಳು ನನ್ನಿವಾಳದವಳೇ ಆದಳು. ಒಂದು ದಿನ ತವರಿನ ಶೇಂಗಾ ಚಟ್ನಿಯನ್ನೂ ತಂದಳು. ಆವತ್ತು ನನ್ನ ಮೊರ ತುಂಬಿ ಚೆಲ್ಲಿತು.

ಅತ್ತೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಊಟದ ಭಾಗ ಬಂದಾಗ ಒಳಗೆ ಹೋಗಿಬಿಡುತ್ತಿದ್ದಳು. ಅವಳಿಗೆ ಕಥೆ ಹಿಡಿಸಲಿಲ್ಲ ಎಂದುಕೊಂಡೆ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು, ನನ್ನನ್ನು ಇಟ್ಟುಕೊಳ್ಳುವ ಬಗ್ಗೆಯಾಗಲಿ ಕಳಿಸುವ ಬಗ್ಗೆಯಾಗಲಿ ಅವಳ ಬಾಯಿಂದ ಏನೂ ಬಂದಿರಲಿಲ್ಲ.

ವ್ಯಾಪಾರಿಯ ಮಗಳು, ಅದೇ ನನಗೆ ಹೆಸರಿಟ್ಟವಳು, ಬೀಜ ನೋಡಿಕೊಂಡು ಬರುತ್ತೇನೆ ಎಂಬ ನೆಪದಲ್ಲಿ ದಿನವೂ ಬಂದು ನಮ್ಮ ಜಗಲಿ ಕಟ್ಟೆಯ ಮೇಲೆ ಕೂರತೊಡಗಿದ್ದಳು. ಮೊದಲು ಮೂಗು ಮುರಿದುಕೊಂಡು ಕೂತವಳು ಆಮೇಲೆ ಹೆಂಗಸರಿಗಿಂತ ಮೊದಲೇ ಬಂದು ಜಾಗ ಹಿಡಿಯುತ್ತಿದ್ದಳು. ಒಂದು ಸಂಜೆ, "ಪುಸ್ತಕ ಕೊಡು, ನಾಳೆ ತರ್ತೀನಿ" ಎಂದಳು. ಬೀಜವೇ ಅವರ ಮನೆಯದು, ಕೊಡುವುದಿಲ್ಲ ಎನ್ನುವುದು ಹೇಗೆ? ಕೊಟ್ಟೆ.

ಮರುದಿನ ಎಲ್ಲರೂ ಕೂತ ಮೇಲೆ ಅವಳು ಕಟ್ಟೆಯಿಂದ ಇಳಿದು ನಡುವೆ ನಿಂತಳು. "ಈ ಪುಸ್ತಕದಾಗೆ ಮುದ್ದೆ ತರೋ ಹೆಂಗಸೇ ಇಲ್ಲ. ಕೊನೇ ತನಕ ಹುಡುಕ್ದೆ. ಇವ್ಳು ಇಷ್ಟು ದಿನ ಸುಳ್ಳು ಓದ್ಯಾಳೆ."

ಚಿಟಚಿಟ ಸದ್ದು ನಿಂತಿತು. "ಓದೋದ್ರಾಗೂ ಸುಳ್ಳಾ?" ಎಂದಳು ಒಬ್ಬಾಕೆ. ಗುಡಿಯಲ್ಲಿ ಪುರಾಣ ಕೇಳಿ ಬೆಳೆದವರಿಗೆ ಪುಸ್ತಕ ಹಿಡಿದು ಇಲ್ಲದ್ದನ್ನು ಓದುವುದು ದೇವರ ಮುಂದೆ ಸುಳ್ಳಾಡಿದಷ್ಟೇ ದೊಡ್ಡ ತಪ್ಪು. ನಾನು ತಲೆ ತಗ್ಗಿಸಿ ಅಜ್ಜಿಯ ಬೈಗುಳಕ್ಕಾಗಿ ಕಾದೆ. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಕೇಳಿದಳು: "ಹಂಗಾದ್ರೆ ಆ ಕೂಸು ಇಷ್ಟು ದಿನಾನೂ ಉಪಾಸಾನೇ ಇತ್ತಾ?"

ಆವತ್ತು ಯಾರೂ ನನ್ನ ಮೊರಕ್ಕೆ ಕಾಳು ಹಾಕಲಿಲ್ಲ.

ಸಂಜೆ ಅಡುಗೆಮನೆಗೆ ಹೋದರೆ ಅತ್ತೆ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ನನ್ನ ಕಥೆ ಮುಗಿಯಿತು, ಬಟ್ಟೆ ಕಟ್ಟಿಕೋ ಎನ್ನುತ್ತಾಳೆ ಎಂದುಕೊಂಡೆ. ಅತ್ತೆ ತಿರುಗದೆಯೇ ಕೇಳಿದಳು: "ಆ ಮನ್ಯಾಗೆ ಅತ್ತೆ ಇದ್ಲಲ್ಲ. ಉಣ್ಣಾಕೆ ಇಕ್ಕಾಕೆ ಪಕ್ಕದ ಮನೆಯೋಳ್ನ ಯಾಕೆ ಕರ್ಕಂಬಂದೆ?"

"ಪುಸ್ತಕದಾಗೆ ಆ ಅತ್ತೆ ಕೆಟ್ಟೋಳು" ಎಂದೆ.

"ಪುಸ್ತಕದಾಗೆ ಆ ಹೆಂಗಸೂ ಇರ್ಲಿಲ್ಲ. ಆಕಿನ್ನ ತಂದೆಯಲ್ಲ. ಅತ್ತೇನ ಒಳ್ಳೇಳು ಮಾಡಾಕೆ ನಿಂಗೇನ್ ಕಷ್ಟ ಆಗಿತ್ತು?"

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಅತ್ತೆಯ ತವರೂ ಮೊಳಕಾಲ್ಮುರೇ ತಾನೇ? ಆದರೆ ಗಂಡನ ಮನೆಯಲ್ಲಿ ಅವಳು ಒಂದು ದಿನವೂ ತೆಲುಗು ಆಡಿದ್ದನ್ನು ನಾನು ಕೇಳಿರಲಿಲ್ಲ. ಆವತ್ತು ಆಡಿದಳು. "ಆಕಲೈತೆ ಒಕ ಮಾಟ ಚೆಪ್ಪರಾದಾ?" ಹಸಿವಾದರೆ ಒಂದು ಮಾತು ಹೇಳಬಾರದಿತ್ತಾ ಎಂದು. ಎರಡನೇ ಮುದ್ದೆ ತಿನ್ನಿಸಿದ ಹೆಂಗಸನ್ನು ನಾನು ಎಲ್ಲಿಂದ ಹುಟ್ಟಿಸಿದೆ ಎಂದು ಆ ಅಂಗಳದಲ್ಲಿ ಅವಳೊಬ್ಬಳಿಗೆ ಅರ್ಥವಾಗಿತ್ತು. ನಾನು ಅಳುತ್ತ ಹಿತ್ತಲಿಗೆ ಓಡಿದೆ. ಆ ರಾತ್ರಿಯೂ ಒಂದೇ ಮುದ್ದೆ ಉಂಡು, ಅಭ್ಯಾಸಬಲದಿಂದ "ಸಾಕು" ಎಂದು ಎದ್ದೆ.

ಮರುದಿನದಿಂದ ವ್ಯಾಪಾರಿಯ ಮಗಳೇ ಓದಿದಳು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಓದಿದಳು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹೊತ್ತು ಇಳಿಯುವಾಗ ಪುಸ್ತಕದ ಹುಡುಗಿ ಮತ್ತೆ ಸಾಮಾನಿನ ಕೋಣೆ ಸೇರಿದಳು, ಚಿಲಕ ಬಿತ್ತು, ಅಧ್ಯಾಯ ಮುಗಿಯಿತು. "ಮುಂದೆ?" ಎಂದಳು ಅಜ್ಜಿ. "ನಾಳೆ" ಎಂದು ಅವಳು ಪುಸ್ತಕ ಮುಚ್ಚಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು.

ಅದರ ಮಾರನೇ ದಿನ ಅಜ್ಜಿ ಬರಲೇ ಇಲ್ಲ. ಬಂದವರು ಕೇಳುವುದನ್ನು ಬಿಟ್ಟು ಬೀಜ ಬಾಯಿಗೆ ಹಾಕಿಕೊಳ್ಳತೊಡಗಿದರು. ಅತ್ತೆ ಗದರಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಓದುತ್ತಿದ್ದವಳ ದನಿಯೂ ಸೋತಿತ್ತು. ಹುಡುಗಿಯ ಗೆಳತಿ ಊರು ಬಿಟ್ಟುಹೋಗುವ ಭಾಗ ಬಂದಾಗ ಎರಡು ಸಲ ನಿಂತು ನುಂಗಿಕೊಂಡು ಓದಿದಳು. ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಅವಳ ಕಣ್ಣು ನೋಡಿದ ಮೇಲೆ ಆ ಖುಷಿ ಹೋಯಿತು.

ಮತ್ತೊಂದು ದಿನ ಬಿಟ್ಟು ಅಜ್ಜಿ ಬಂದಳು. ಕೂರಲಿಲ್ಲ. "ನೀನು ಚೆಂದಾಗಿ ಓದ್ತೀಯವ್ವ, ಇಲ್ಲ ಅನ್ನಲ್ಲ" ಎಂದು ಅವಳಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಂಗೆ ನಿದ್ದೆ ಹತ್ತವಲ್ದು. ನಮ್ಮೂರ ಹೆಂಗಸು ಎಲ್ಲಿಗೆ ಹೋದ್ಲು? ಪುಸ್ತಕದಾಗೆ ಇಲ್ದಿದ್ರೆ ಹೋಗ್ಲಿ, ನಿನ್ ತಲ್ಯಾಗೆ ಅವ್ಳಲ್ಲ, ಅಲ್ಲಿಂದ ಕರ್ಕಂಬಾ. ಹಸಿದ ಕೂಸಿಗೆ ಉಣ್ಣಾಕೆ ಇಕ್ಕಿದ್ರೆ ಅದ್ಯಾವ ಸುಳ್ಳು? ಓದೇ, ನಮ್ ಹುಡುಗಿ."

ಅಮ್ಮಾಯಿ ಅಲ್ಲ, ಮೊಳಕಾಲ್ಮುರಿನವಳಲ್ಲ, ನಮ್ ಹುಡುಗಿ.

ವ್ಯಾಪಾರಿಯ ಮಗಳು ಎದ್ದು ಬಂದು ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. ಕಟ್ಟೆಗೆ ವಾಪಸು ಹೋಗದೆ ನನಗೆ ಒತ್ತಿಕೊಂಡೇ ಕೂತಳು. ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು: "ಆಕಿ ಇವತ್ತು ಬರ್ತಾಳಾ?"

ನಾನು ಓದಲು ಶುರುಮಾಡಿದೆ. ಸಾಮಾನಿನ ಕೋಣೆ, ಕತ್ತಲೆ, ಹಸಿವು. ಎಲ್ಲರೂ ಕಿಟಕಿಯ ಸದ್ದಿಗಾಗಿ ಕಾಯುತ್ತಿದ್ದರು. ಆದರೆ ಸದ್ದಾದದ್ದು ಬಾಗಿಲ ಚಿಲಕದ್ದು. ಬಾಗಿಲು ತೆರೆದು ಹುಡುಗಿಯ ಅತ್ತೆ ನಿಂತಿದ್ದಳು. ಅವಳು ಮುದ್ದಿನ ಮಾತು ಆಡುವವಳಲ್ಲ. ಸೌಟನ್ನು ಪಾತ್ರೆಗೆ ಕುಟ್ಟಿ, "ಬಾ, ಉಣ್ಣು. ಹಸಿವಾದ್ರೆ ಬಾಯಿಬಿಟ್ಟು ಕೇಳಾಕೆ ನಿಂಗೇನ್ ರೋಗ?" ಎಂದಳು. ಹುಡುಗಿ ಉಣ್ಣುತ್ತಿರುವಾಗ ನನ್ನಿವಾಳದ ಹೆಂಗಸೂ ಬಟ್ಟಲು ಹಿಡಿದು ಬಂದಳು. ಅತ್ತೆ ಅವಳಿಗೂ ತಟ್ಟೆ ಹಾಕಿದಳು. ಆ ಮನೆಯಲ್ಲಿ ಆವತ್ತು ಮೂವರು ಕೂತು ಉಂಡರು.

ಹೆಂಗಸರೆಲ್ಲ ಒಂದೇ ಸಲಕ್ಕೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅತ್ತೆ ಈ ಸಲ ಒಳಗೆ ಹೋಗಿರಲಿಲ್ಲ. "ನನ್ನೇನ್ ನೋಡ್ತೀರಿ? ಸುಲೀರಿ, ಹೊತ್ತಾತು" ಎಂದು ಗದರಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕು, ನನ್ನ ಮೊರಕ್ಕೆ ಎರಡು ಕೈಯಿಂದಲೂ ಕಾಳು ಸುರಿದಳು. ಅವಳ ಹಿಂದೆ ಉಳಿದವರೆಲ್ಲ ಸುರಿದರು. ವ್ಯಾಪಾರಿಯ ಮಗಳ ಹತ್ತಿರ ಮೊರ ಇರಲಿಲ್ಲ. ಅವಳು ಯಾರದೋ ಮೊರದಿಂದ ಒಂದು ಹಿಡಿ ಎತ್ತಿ ಹಾಕಿದಳು, ಹೇಗೂ ಎಲ್ಲವೂ ಅವರಪ್ಪನ ಬೀಜವೇ ತಾನೇ!

ಶಾಲೆ ತೆರೆಯುವುದಕ್ಕೆ ಸ್ವಲ್ಪ ಮುಂಚೆ, ಹೇಳಿದ ಮಾತಿನಂತೆ, ಅಪ್ಪ ಬಂದ. ಸೊರಗಿದ್ದ. ಕೈಯಲ್ಲಿ ನನ್ನ ಬಟ್ಟೆಗೆಂದು ತಂದ ಖಾಲಿ ಚೀಲ ಇತ್ತು. ಹೆಂಗಸರು ಸುಲಿಯುತ್ತಿದ್ದರು, ನಾನು ಓದುತ್ತಿದ್ದೆ, ಕಾದಂಬರಿ ಕೊನೆಗೆ ಬಂದಿತ್ತು. ಅಪ್ಪ ಬೇವಿನ ಬುಡದಲ್ಲಿ ಕೂತು ನೀರು ಕುಡಿದು, ಅತ್ತೆಯನ್ನು ಕೇಳಿದ: "ಏನಕ್ಕ, ಹುಡುಗಿ ಭಾರ ಆದ್ಲಾ? ಕರ್ಕಂಡ್ ಹೋಗ್ಲಾ?"

ಅತ್ತೆ ಮೊರ ಕೇರುವುದನ್ನು ನಿಲ್ಲಿಸಲಿಲ್ಲ. "ಕಥೆ ಮುಗಿದಿಲ್ಲ. ಹೆಂಗ್ ಕರ್ಕಂಡ್ ಹೋಗ್ತೀಯಾ?"

"ಯಾವ ಕಥೆ?"

"ನಾವು ಕೇಳ್ತಿರೋ ಕಥೆ. ನಡುವ್ಯಾಗೆ ಬಿಟ್ಟು ಹೋದ್ರೆ ಕೇಳಿದೋರ ಮನೀಗೆ ಒಳ್ಳೇದಲ್ಲ. ಬೇಕಾದ್ರೆ ಅಜ್ಜೀನ ಕೇಳು."

ಅಜ್ಜಿ ದೊಡ್ಡದಾಗಿ ತಲೆಯಾಡಿಸಿದಳು. ಅಪ್ಪ ನನ್ನ ಕಡೆ ನೋಡಿದ. "ಇನ್ನೂ ಎಷ್ಟು ಐತೆ ಮಗ?"

ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಉಳಿದದ್ದು ಒಂದೇ ಹಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಪಕ್ಕದಿಂದ ವ್ಯಾಪಾರಿಯ ಮಗಳ ದನಿ ಕೇಳಿಸಿತು. "ಬಾಳ ಐತೆ ಮಾಮ. ನಾನು ಪೂರ್ತಿ ಓದೀನಿ." ನನ್ನ ಸುಳ್ಳನ್ನು ಹತ್ತು ಜನರ ಮುಂದೆ ಬಯಲಿಗೆಳೆದವಳು ಕಣ್ಣು ಮಿಟುಕಿಸದೆ ಹೇಳಿದಳು.

ಅಪ್ಪ ಕೈಚಾಚಿ ಪುಸ್ತಕ ಇಸಿದುಕೊಂಡ. ಅವನಿಗೆ ಕನ್ನಡ ಓದಲು ಬರುತ್ತಿತ್ತು. ನಾನು ಬೆರಳಿಟ್ಟಿದ್ದ ಪುಟ ತೆರೆದು, ಉಳಿದ ಒಂದು ಹಾಳೆಯನ್ನು ತಿರುವಿ ನೋಡಿದ. ಅದರ ಆಚೆ ರಟ್ಟು ಬಿಟ್ಟರೆ ಏನೂ ಇರಲಿಲ್ಲ. ಅಕ್ಕನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ, ನನ್ನ ತೋಳು ಹಿಡಿದು ಕೂತಿದ್ದ ಹುಡುಗಿಯನ್ನು ನೋಡಿದ. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ. "ಹೂಂ. ಬಾಳ ಐತೆ" ಎಂದ. ಚೀಲವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಆ ಕಥೆಯನ್ನು ನಾನು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮುಗಿಸಲಿಲ್ಲ. ಪುಸ್ತಕ ಶಾಲೆಯ ಬೀರುವಿಗೆ ವಾಪಸು ಹೋಯಿತು. ಆದರೆ ಕೈಯಲ್ಲಿ ಪುಸ್ತಕವಿಲ್ಲದೆ ಓದುವುದನ್ನು ಅಜ್ಜಿ ಒಪ್ಪಲಿಲ್ಲ, ಹಾಗಾಗಿ ಮುಂದಿನ ಬೇಸಿಗೆಗಳಲ್ಲಿ ಸಮಾಜ ವಿಜ್ಞಾನದ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಓದಿದೆ. ಮುಂದಿನ ಕಷ್ಟಗಳನ್ನು ವ್ಯಾಪಾರಿಯ ಮಗಳು ಯೋಚಿಸಿ ತರುತ್ತಿದ್ದಳು, ಊಟಗಳು ನನ್ನವು. ಹುಡುಗಿಯ ಅಪ್ಪ ಹಡಗಿನಿಂದ ಇಳಿದದ್ದು, ಗೆಳತಿ ಊರಿಗೆ ಮರಳಿದ್ದು, ಹುಡುಗಿ ಪರೀಕ್ಷೆ ಪಾಸು ಮಾಡಿದ್ದು, ಎಲ್ಲವೂ ಆ ಬೇವಿನ ಕೆಳಗೇ ಆಯಿತು. ಇವತ್ತು ನಾನು ಬರೆಯುವ ಒಂದೊಂದು ಪುಸ್ತಕವೂ ಅದರದೇ ಮುಂದುವರಿಕೆ ಎಂದರೆ ತಪ್ಪಿಲ್ಲ.

ಅಪ್ಪ ಬಂದ ಆ ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಮಾವ, ಅವರ ಮಕ್ಕಳು, ಅಪ್ಪ, ಕೊನೆಯಲ್ಲಿ ನಾನು. ಅತ್ತೆ ಬಡಿಸಿದಳು, ಸೌಟು ಕುಟ್ಟಿದಳು. ನಾನು ನನ್ನ ಮುದ್ದೆ ಮುಗಿಸಿ ತಟ್ಟೆಗೆ ಕೈ ಹಚ್ಚಿ ಏಳಲು ಹೊರಟವಳು ಹಾಗೆಯೇ ಕೂತೆ.

"ಅತ್ತೆ, ಇನ್ನರ್ಧ ಮುದ್ದೆ ಹಾಕು."

ಅತ್ತೆಯ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಇಡೀ ಒಂದು ಮುದ್ದೆ ತಂದು ನನ್ನ ತಟ್ಟೆಗೆ ಹಾಕಿ, ಮೇಲೆ ಸಾರು ಸುರಿದು, "ಅರ್ಧ ಅಂತೆ ಅರ್ಧ! ಮನೆ ಮಗಳಿಗೆ ಅರ್ಧ ಯಾರು ಇಕ್ತಾರೆ?" ಎಂದಳು.